ಲಕ್ಷ್ಮಿಯ ಮುಖದ ಹಿಂಬದಿ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನನ್ನ ಕೈಜಾರಿ ಬೆಳ್ಳಿ ಮುಖವಾಡ ಕೆಳಗೆ ಬಿತ್ತು. ಲಕ್ಷ್ಮಿಯ ಮೂಗು ನಗ್ಗಿತು. ಅಮ್ಮ ಬೈದರು, ಕೇಳಬೇಡಿ. ಎತ್ತಿಕೊಂಡು ಬೆಂಗಳೂರಿನ ನಗರ್ತಪೇಟೆಗೆ ಓಡಿದೆ.

ಗಲ್ಲಿಯೊಳಗೆ ಮಂಚದಷ್ಟು ಅಗಲದ ಅಂಗಡಿ. ಬೆಳ್ಳಿ ಕೆಲಸದ ಆಚಾರ್ರು ಮುಂದೆ ನೋಡಲೇ ಇಲ್ಲ, ಮೊದಲು ಮಗುಚಿದರು. ನಾನೂ ಆವತ್ತೇ ಮೊದಲು ಹಿಂಬದಿ ನೋಡಿದ್ದು. ಮೂಗು ಅಲ್ಲಿ ಗುಳಿ, ಕೆನ್ನೆ ಎರಡು ಬಟ್ಟಲು. ಒಳಗೆಲ್ಲ ಉಳಿಯ ಗುರುತು, ರಾಗಿ ಚೆಲ್ಲಿದ ಹಾಗೆ.

ಇದು ಉಬ್ಬು ಕೆಲಸ. ತಗಡನ್ನು ಹಿಂದಿನಿಂದ ಬಡಿದು ಮುಂದೆ ಉಬ್ಬಿಸುವುದು. ಉಳಿಯ ತುದಿ ಮೊಂಡು, ಏಕೆಂದರೆ ಇಲ್ಲಿ ಕತ್ತರಿಸುವ ಮಾತಿಲ್ಲ, ತಳ್ಳುವುದಷ್ಟೇ. ಒಂದು ಚೂರು ಬೆಳ್ಳಿಯೂ ಎದ್ದು ಹೋಗುವುದಿಲ್ಲ. ಕಲ್ಲಿನ ಮೇಲಿಟ್ಟು ಬಡಿದರೆ ತಗಡು ಚಪ್ಪಟೆ ಆಗುತ್ತದೆ, ಅಲ್ವಾ? ಅದಕ್ಕೇ ಕೆಳಗೆ ಅರಗಿನ ಹಾಸು. ರಾಳಕ್ಕೆ ಇಟ್ಟಿಗೆ ಪುಡಿ, ಎಣ್ಣೆ ಸೇರಿಸಿ ಕಾಯಿಸಿದ್ದು. ತಗಡನ್ನು ಬಿಗಿಯಾಗಿ ಹಿಡಿಯುತ್ತದೆ, ಏಟು ಬಿದ್ದ ಕಡೆ ಮಾತ್ರ ಜಾಗ ಬಿಡುತ್ತದೆ. ಚಳಿ ಜಾಸ್ತಿಯಾದರೆ ಎಣ್ಣೆಯೂ ಒಂಚೂರು ಜಾಸ್ತಿ. ಇಲ್ಲದಿದ್ದರೆ ಅರಗು ಚಟ್ ಅಂತ ಒಡೆಯುತ್ತದೆ.

ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಆಮೇಲೂ ಬಡಿದರೆ ಮೂಗಿನ ತುದಿ ಸೀಳುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಬೆಳ್ಳಿ ಕರಗುವುದು 962 ಡಿಗ್ರಿಗೆ. ಅದಕ್ಕೆ ಎಷ್ಟೋ ಮುಂಚೆ, ಮಂದ ಕೆಂಪು ಬಂದ ಕೂಡಲೇ ಬೆಂಕಿ ತೆಗೆಯಬೇಕು. ಆ ಕೆಂಪು ಕಾಣಲಿ ಅಂತ ಆಚಾರ್ರು ಅಂಗಡಿಯ ದೀಪವನ್ನೇ ಆರಿಸಿಬಿಟ್ಟರು! ರೆಪ್ಪೆ, ತುಟಿಯ ಅಂಚು ತಿದ್ದುವಾಗ ಮಾತ್ರ ತಗಡನ್ನು ತಿರುಗಿಸಿ ಮುಂದಿನಿಂದ ಬಡಿಯುತ್ತಾರೆ.

ಅಂದಹಾಗೆ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯೂ ನಮ್ಮ ಲಕ್ಷ್ಮಿಯ ಜಾತಿಯವಳೇ. 1886ರಲ್ಲಿ ಅನಾವರಣವಾದ ಆ ಪ್ರತಿಮೆಯ ತಾಮ್ರದ ದಪ್ಪ ಬರೀ 2.4 ಮಿಲಿಮೀಟರ್. ಮರದ ಅಚ್ಚಿಗೆ ಒತ್ತಿ ಬಡಿದದ್ದು. ಒಳಗೆ ಟೊಳ್ಳು, ಹಿಡಿದು ನಿಲ್ಲಿಸಿರುವುದು ಕಬ್ಬಿಣದ ಗೂಡು.

ಈಗ ಅಂಗಡಿಗಳಲ್ಲಿ ಯಂತ್ರದಲ್ಲಿ ಅಚ್ಚೊತ್ತಿದ ಮುಖವಾಡಗಳೇ ಜಾಸ್ತಿ. ಅಗ್ಗ, ಹಗುರ, ತಪ್ಪೇನಿಲ್ಲ. ಆದರೆ ಹತ್ತು ಲಕ್ಷ್ಮಿಯರನ್ನು ಸಾಲಾಗಿಟ್ಟರೆ ಹತ್ತೂ ಒಂದೇ ಥರ ನಗುತ್ತಾರೆ. ನನಗೇಕೋ ಅದು ಸೇರುವುದಿಲ್ಲ. ಕೊಳ್ಳುವಾಗ ಸುಮ್ನೆ ಒಮ್ಮೆ ಮಗುಚಿ ನೋಡಿ. ಹಿಂಬದಿಯೂ ನುಣುಪಾಗಿದ್ದರೆ ಅದು ಯಂತ್ರದ್ದೇ ಇರಬೇಕು.

ಮೂಗು ಅರ್ಧ ಗಂಟೆಯಲ್ಲಿ ಎದ್ದು ನಿಂತಿತು. ಕೊಡುವ ಮುಂಚೆ ಆಚಾರ್ರು ಒಳಗಿನ ಗುರುತುಗಳ ಮೇಲೆ ಬೆರಳಾಡಿಸಿದರು. "ಏಟೆಲ್ಲ ಆ ಕಡೆ ವಾಲಿವೆ ನೋಡಿ. ಇದನ್ನು ಮಾಡಿದವರು ಎಡಚರು ಅನ್ಸುತ್ತೆ" ಅಂದರು.