ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ, ಆದರೂ ಪೆನ್‌ಡ್ರೈವ್ ತುಂಬಾ ಶಾರ್ಟ್‌ಕಟ್!

ನಮಸ್ಕಾರ. ನೀವೀಗ ನೋಡುತ್ತಿರುವುದು ಕಾಲೇಜಿನ ಪಕ್ಕದ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್. ಬೆಳಿಗ್ಗೆಯಿಂದ ರಾತ್ರಿವರೆಗೂ ಯಾರ್ಯಾರದೋ ಪೆನ್‌ಡ್ರೈವ್ ಇದಕ್ಕೆ ಹಾಕುತ್ತಲೇ ಇರುತ್ತಾರೆ. ಈಗ ಯಾವುದನ್ನು ಹಾಕಿದರೂ ಒಂದೇ ಕಥೆ. ಒಳಗಿನ ಫೋಲ್ಡರ್‌ಗಳೆಲ್ಲ ಮಾಯ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಇವೆ. ಅಂಗಡಿಯವರು ಫುಲ್ ಸ್ಕ್ಯಾನ್ ಮಾಡಿಸಿದ್ದಾರೆ. ಆ್ಯಂಟಿವೈರಸ್ ಹಸಿರು ಟಿಕ್ ಹಾಕಿ ಸುಮ್ನೆ ಕೂತಿದೆ.

"ಫಾರ್ಮ್ಯಾಟ್ ಹೊಡೆದುಬಿಡೋಣ್ವಾ ಸರ್?" ಅಂತ ಕೇಳಿದರು. ಬೇಡ ಅಣ್ಣಾ, ಇದು ಶಾರ್ಟ್‌ಕಟ್ ವೈರಸ್. ಫೈಲ್‌ಗಳು ಎಲ್ಲೂ ಹೋಗಿಲ್ಲ.

ಇಲ್ಲಿ ಸ್ವಲ್ಪ ಝೂಮ್ ಮಾಡುತ್ತೇನೆ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಟಾರ್ಗೆಟ್. ಆ ಸಾಲನ್ನು ಪೂರ್ತಿ ಓದಿ. ಮೊದಲು ಒಂದು ಡಾಟ್ ವಿಬಿಎಸ್ ಫೈಲನ್ನು, ಅಂದರೆ ಕಂಪ್ಯೂಟರ್‌ಗೆ ಆದೇಶಗಳನ್ನು ಬರೆದಿಟ್ಟ ಸ್ಕ್ರಿಪ್ಟನ್ನು, ಓಡಿಸು ಎಂದಿದೆ, ಆಮೇಲೆ ನಿಮ್ಮ ಅಸಲಿ ಫೋಲ್ಡರ್ ತೆರೆ ಎಂದಿದೆ. ಡಬಲ್ ಕ್ಲಿಕ್ ಮಾಡಿದವರಿಗೆ ಫೋಲ್ಡರ್ ಸರಿಯಾಗೇ ತೆರೆದುಕೊಳ್ಳುತ್ತದೆ. ಮತ್ತೆ ಅನುಮಾನ ಯಾಕೆ ಬರಬೇಕು, ಅಲ್ವಾ?

ಆ್ಯಂಟಿವೈರಸ್‌ಗೆ ಯಾಕೆ ಸಿಗಲಿಲ್ಲ? ಅದು ಗೊತ್ತಿರುವ ವೈರಸ್‌ಗಳ ಗುರುತನ್ನು ಹೋಲಿಸಿ ನೋಡುತ್ತದೆ, ಒಂದಿಷ್ಟು ನಡವಳಿಕೆಯನ್ನೂ ಗಮನಿಸುತ್ತದೆ. ಈ ವಿಬಿಎಸ್ ಬರೀ ಟೆಕ್ಸ್ಟ್ ಫೈಲ್. ಒಳಗಿನ ಅಕ್ಷರಗಳನ್ನು ಕಲಸಿಬಿಟ್ಟರೆ ಹಳೆಯ ಗುರುತು ಕೆಲಸಕ್ಕೆ ಬಾರದು. ಅದನ್ನು ಓಡಿಸುವುದು ಡಬ್ಲ್ಯೂಸ್ಕ್ರಿಪ್ಟ್ ಎಂಬ ವಿಂಡೋಸ್‌ನ ಸ್ವಂತ ಪ್ರೋಗ್ರಾಂ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇನ್ನು ತೆಗೆಯುವುದು. ಇಲ್ಲಿ ಕ್ರಮ ಮುಖ್ಯ. ನೋಡಿ, ಶಾರ್ಟ್‌ಕಟ್ ಡಿಲೀಟ್ ಮಾಡಿದೆ. ಎಫ್5 ಒತ್ತಿದೆ. ಮತ್ತೆ ಹಾಜರ್! ಕಂಪ್ಯೂಟರ್ ಒಳಗೆ ಓಡುತ್ತಿರುವುದನ್ನು ನಿಲ್ಲಿಸದೆ ಪೆನ್‌ಡ್ರೈವ್ ತೊಳೆದರೆ ಏನೂ ಉಪಯೋಗವಿಲ್ಲ.

ಮೊದಲು ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್‌ನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಹುಡುಕಿ ಎಂಡ್ ಟಾಸ್ಕ್ ಕೊಡಿ. ಆಮೇಲೆ ಆಟೋರನ್ಸ್. ಮೈಕ್ರೋಸಾಫ್ಟ್‌ನದೇ ಉಚಿತ ಟೂಲ್, ಬೇರೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ ಸಿಡಿಯಲ್ಲಿ ತಂದರೆ ಒಳ್ಳೆಯದು. ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಎಲ್ಲದರ ಪಟ್ಟಿ ಇದರಲ್ಲಿ ಸಿಗುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅರ್ಥವಿಲ್ಲದ ಹೆಸರು, ಆ್ಯಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್‌ನ ವಿಳಾಸ, ಕೊನೆಗೆ ವಿಬಿಎಸ್. ನಮ್ಮ ಕಳ್ಳ ಇವನೇ! ವಿಳಾಸ ಬರೆದಿಟ್ಟುಕೊಂಡು ಎಂಟ್ರಿ ಅಳಿಸಿ, ಅಲ್ಲಿಗೇ ಹೋಗಿ ಫೈಲನ್ನೂ ಅಳಿಸಿ. ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್ ನೋಡದೆ ಏಳಬೇಡಿ, ಕೆಲವು ಅಲ್ಲೂ ಬಾಲ ಬಿಟ್ಟಿರುತ್ತವೆ. ಯಾವುದು ಏನು ಅಂತ ಗೊತ್ತಾಗದಿದ್ದರೆ ಡಿಲೀಟ್ ಬೇಡ, ಅದರ ಮುಂದಿರುವ ಟಿಕ್ ಮಾತ್ರ ತೆಗೆಯಿರಿ.

ರೀಸ್ಟಾರ್ಟ್. ಡಬ್ಲ್ಯೂಸ್ಕ್ರಿಪ್ಟ್ ಮತ್ತೆ ಬಂದಿಲ್ಲ. ಈಗ ಪೆನ್‌ಡ್ರೈವ್ ಸರದಿ. ಶಾರ್ಟ್‌ಕಟ್‌ಗಳನ್ನೂ ಆ ವಿಬಿಎಸ್ಸನ್ನೂ ಅಳಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೆನ್‌ಡ್ರೈವ್‌ನ ಡ್ರೈವ್ ಅಕ್ಷರಕ್ಕೆ (ಇ ಅಥವಾ ಎಫ್ ಥರದ್ದು) ಹೋಗಿ. ಟೈಪ್ ಮಾಡಿ: ಅಟ್ರಿಬ್, ಮೈನಸ್ ಹೆಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ನಡುನಡುವೆ ಒಂದೊಂದು ಸ್ಪೇಸ್. ಎಂಟರ್. ಬಂತು ನೋಡಿ, ಫೋಲ್ಡರ್‌ಗಳೆಲ್ಲ ಇಲ್ಲೇ ಇವೆ. ಹಿಡನ್, ಸಿಸ್ಟಮ್ ಅಂತ ಹಣೆಪಟ್ಟಿ ಹಚ್ಚಿ ಅಡಗಿಸಿಟ್ಟಿತ್ತು ಅಷ್ಟೆ.

ಈ ಅಂಗಡಿಯಲ್ಲಿ ಸ್ಕ್ರಿಪ್ಟ್ ಓಡಿಸುವ ಕೆಲಸವೇ ಇಲ್ಲ. ಹಾಗಾಗಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ, ಇಂಥ ಸ್ಕ್ರಿಪ್ಟ್‌ಗಳನ್ನು ಓಡಿಸುವ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟನ್ನೇ ಬಂದ್ ಮಾಡಿದೆ. ಆಫೀಸ್ ಕಂಪ್ಯೂಟರ್ ಆದರೆ ಕೇಳದೆ ಹಾಗೆ ಮಾಡಬೇಡಿ.

ಇಷ್ಟಾದ ಮೇಲೆ ಅಂಗಡಿಯವರು ಸ್ಕ್ರೀನ್ ತೋರಿಸಿ, "ಸರ್, ಇದ್ಯಾವುದು ಹೊಸ ವೈರಸ್ಸು?" ಅಂದರು. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್. ಅದು ವಿಂಡೋಸ್‌ನದೇ ಫೋಲ್ಡರ್, ಅಟ್ರಿಬ್ ಕೊಟ್ಟಾಗ ಅದೂ ಹೊರಗೆ ಬಂದಿದೆ. ಅದರ ಪಾಡಿಗೆ ಅದಿರಲಿ ಬಿಡಿ.