ಮೊಳೆಯಲ್ಲಿದ್ದ ಬೀಗದಕೈ

ಕಾರವಾರದಿಂದ ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಎದೆ ಕೊರೀತಾ ಇರೋ ಒಂದು ವಿಷಯ ಇವತ್ತು ಹೇಳ್ಬೇಕು.

ಈ ಸಲ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಓಣಿಗೆ ಒಬ್ಬಳು ಹುಡುಗಿ ಬಾಡಿಗೆ ಮನೆ ಕೇಳ್ಕೊಂಡು ಬಂದ್ಲು. ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ, ಇಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಕೊರಳಲ್ಲಿ ನಮ್ಮಂಥದ್ದೇ ಶಿಲುಬೆ. ಮನೆ ಯಜಮಾನರು ನಮ್ಮ ಚರ್ಚಿನವರೇ. ಅವಳ ಮುಖ ನೋಡಿದ್ದೇ, "ಆಗ್ಲೇ ಕೊಟ್ಟಾಯ್ತಮ್ಮ" ಅಂದ್ರು. ಮಹಡಿ ಮನೆಯ ಬೀಗದಕೈ ಅವರ ಬೆನ್ನ ಹಿಂದೆಯೇ, ಮೊಳೆಯಲ್ಲಿ, ಜಪಸರದ ಪಕ್ಕ ನೇತಾಡ್ತಾ ಇತ್ತು. "ಆಯ್ತು ಅಂಕಲ್" ಅಂತ ಹುಡುಗಿ ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದ್ಲು. ಅಲ್ಲೇ ನಿಂತಿದ್ದ ನಾನು ತುಟಿ ಬಿಚ್ಚಲಿಲ್ಲ.

ಧೈರ್ಯ ಅಂದ್ರೆ ನಮಗೆ ನೆನಪಾಗೋದು 2008ರ ಸೆಪ್ಟೆಂಬರ್. ಮಂಗಳೂರು ಕಡೆ ಚರ್ಚ್‌ಗಳ ಮೇಲೆ ದಾಳಿ ಆದಾಗ ನಮ್ಮ ಮನೆಗಳಲ್ಲೂ ಹೆದರಿಕೆ ಇತ್ತು. ಯಾರಾದ್ರೂ ನಮ್ಮ ಪರ ಒಂದು ಮಾತಾಡ್ಲಿ ಅಂತ ಕಾದವರು ನಾವು. ಅದೇ ನಾನು ಆ ಮೆಟ್ಟಿಲ ಹತ್ತಿರ ಮೂಕನಾಗಿದ್ದೆ.

ಯೇಸುವಿನ ಶಿಷ್ಯ ಪೇತ್ರನ ಕಥೆ ನೋಡಿ. ಯೇಸುವನ್ನ ಹಿಡಿದ ರಾತ್ರಿ, ಅವರು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಅಂದವನು ಅವನು. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸ್ತಾ ಇದ್ದವನನ್ನ ಮೊದಲು ಹಿಡಿದು ಕೇಳಿದ್ದು ಸಿಪಾಯಿ ಅಲ್ಲ, ಮನೆಗೆಲಸದ ಹುಡುಗಿ. ಆಮೇಲೆ ಅವನು ಮಾತಾಡೋ ಧಾಟಿಯಿಂದಲೇ ಗಲಿಲಾಯದವನು ಅಂತ ಗುರುತು ಹಿಡಿದ್ರು. ಕೊಂಕಣಿ ಬೆರೆತ ಕನ್ನಡ ಆಡೋ ನಮಗೆ ಇದು ಚೆನ್ನಾಗಿ ಅರ್ಥ ಆಗತ್ತೆ. ಮೂರು ಸಲ ಅವನ ಬಾಯಿ ಕಟ್ಟಿದ್ದು ಎದುರಿಗಿದ್ದವರು ಏನಂದುಕೊಳ್ತಾರೋ ಅನ್ನೋ ಭಯ. ನನ್ನ ಬಾಯಿ ಕಟ್ಟಿದ್ದೂ ಅದೇ. ದಿನಾ ಎದುರಾಗೋ ಮುಖ, ಸುಮ್ನೆ ಯಾಕೆ ಕೆಡಿಸ್ಕೊಳ್ಳೋದು ಅಂತ.

ನಮ್ಮ ಇದೇ ಕೆನರಾ ಕರಾವಳಿಯಲ್ಲಿ 1681ರಿಂದ ಮೂರು ವರ್ಷ ಸೇವೆ ಮಾಡಿದವರು ಗೋವಾದ ಗುರು ಜೋಸೆಫ್ ವಾಜ್. ಡಚ್ಚರು ಕ್ಯಾಥೊಲಿಕ್ ಗುರುಗಳನ್ನ ನಿಷೇಧಿಸಿದ್ದ ಸಿಲೋನಿಗೆ, ಅಂದ್ರೆ ಇವತ್ತಿನ ಶ್ರೀಲಂಕಾಕ್ಕೆ, 1687ರಲ್ಲಿ ವೇಷ ಮರೆಸಿಕೊಂಡು ಹೋದ್ರು. ಜನ ಅವರ ಈ ಸಾಹಸವನ್ನೇ ಹೇಳ್ತಾರೆ. ನನ್ನನ್ನ ಅಲುಗಿಸೋದು 1697ರ ಕ್ಯಾಂಡಿ. ಸಿಡುಬು ಬಂದು ಜನ ತಮ್ಮವರನ್ನೇ ಬಿಟ್ಟು ಓಡುವಾಗ ಆ ಮನುಷ್ಯ ಅಲ್ಲೇ ಉಳಿದು, ಜಾತಿ ಧರ್ಮ ನೋಡದೆ ರೋಗಿಗಳ ಆರೈಕೆ ಮಾಡಿದ್ರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನ ಸಂತ ಅಂತ ಸಾರಿದ್ರು. ನಾನು ಒಂದು ಮೆಟ್ಟಿಲೂ ಇಳಿದಿರಲಿಲ್ಲ.

ಮೂರು ದಿನ ನಿದ್ದೆ ಹತ್ತಲಿಲ್ಲ. ನಾಲ್ಕನೇ ದಿನ ಯಜಮಾನರ ಹತ್ತಿರ ಹೋಗಿ, "ಅವತ್ತು ನೀವು ಹೇಳಿದ್ದು ಸುಳ್ಳು. ಸುಮ್ಮನಿದ್ದು ನಾನೂ ಅದಕ್ಕೆ ಸೇರ್ಕೊಂಡೆ" ಅಂದೆ. ಅವರು ಉತ್ತರ ಕೊಡ್ಲಿಲ್ಲ. ಅಷ್ಟರಲ್ಲಿ ಹುಡುಗಿ ಕೋಡಿಬಾಗದಲ್ಲಿ ಒಂದು ರೂಮು ಹಿಡಿದಾಗಿತ್ತು. ಹುಡುಕಿ ಹೋಗಿ ಕ್ಷಮೆ ಕೇಳಿದೆ. "ನೀವು ಅಲ್ಲಿ ಇದ್ದಿದ್ದು ನೆನಪಿದೆ" ಅಂದ್ಲು, ಅಷ್ಟೇ.

ಯಜಮಾನರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಭಾನುವಾರದ ಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳೋ ಹೊತ್ತಿಗೆ ನಾನು ಅವರ ಕಡೆ ತಿರುಗಿ ಕೈ ಮುಗೀತೇನೆ. ಅವರು ಪೀಠದ ಕಡೆ ನೋಡ್ತಾ ನಿಂತಿರ್ತಾರೆ. ಬರೋ ಭಾನುವಾರವೂ ಮುಗೀತೇನೆ.