ಒಂದು ಕಲ್ಲಿನ ಮುಂದೆ ನಲವತ್ತು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲು ಇದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು. ಶಕವರ್ಷ 872, ಅಂದರೆ ಕ್ರಿ.ಶ. 950ರ ಆಸುಪಾಸಿನದು. ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯ ಜೊತೆ ಸೆಣಸುತ್ತಿದೆ, ಜೊತೆಗೆ ಹಳಗನ್ನಡದ ಬರಹ. ಎಂಟು, ಒಂಬತ್ತನೇ ತರಗತಿಯವರಿಗೆ ಕನ್ನಡ, ಇತಿಹಾಸ, ಶಿಲ್ಪ ಮೂರೂ ಇದರಲ್ಲೇ ಸಿಗುತ್ತವೆ.

ಆದರೆ ಶಾಲಾ ಪ್ರವಾಸವೆಂದರೆ ಎರಡು ಬಸ್ಸು, ನೂರು ಮಕ್ಕಳು, ಒಂದೇ ಗಂಟೆ. ಹಿಂದಿನವರು ನೂಕುತ್ತಾರೆ, ಮುಂದಿನವರು ಫಲಕದ ಬರಹ ನಕಲು ಮಾಡಿಕೊಂಡು ಸರಿಯುತ್ತಾರೆ. ಕಲ್ಲನ್ನು ಯಾರೂ ನೋಡಿರುವುದಿಲ್ಲ. ತಪ್ಪು ಮಕ್ಕಳದಲ್ಲ, ಏರ್ಪಾಡಿನದು.

ಹದಿನೈದು ದಿನ ಮೊದಲೇ ಶಿಕ್ಷಕರು ಸಂಗ್ರಹಾಲಯದವರ ಜೊತೆ ಕೂತು ಎರಡೇ ಎರಡು ವಸ್ತು ಆರಿಸಿಕೊಳ್ಳಲಿ. ಆ ದಿನ ಆ ಕೊಠಡಿ ತೆರೆದಿರುತ್ತದೆಯೇ ಎಂದು ಕೇಳಿಕೊಳ್ಳಲಿ. ಗುಂಪಿಗೆ 12 ಮಕ್ಕಳು, ಒಂದು ವಸ್ತುವಿಗೆ 40 ನಿಮಿಷ. ಉಳಿದ ಗುಂಪುಗಳು ಆ ಹೊತ್ತಿಗೆ ಪಕ್ಕದ ವೆಂಕಟಪ್ಪ ಚಿತ್ರಶಾಲೆಯಲ್ಲಿರಬಹುದು.

ಮೊದಲ 3 ನಿಮಿಷ ಯಾರೂ ಮಾತಾಡಬಾರದು. ಆಮೇಲೆ, "ಏನು ಕಾಣುತ್ತಿದೆ?" ಉತ್ತರ ಬಂದ ಕೂಡಲೇ, "ಯಾವುದನ್ನು ನೋಡಿ ಹಾಗಂದೆ?" ಈ ಎರಡನೆಯ ಪ್ರಶ್ನೆಯೇ ಮುಖ್ಯ, ಊಹೆಯನ್ನು ಕಲ್ಲಿಗೆ ಕಟ್ಟಿಹಾಕುವುದು ಅದೇ. ನಂತರ 10 ನಿಮಿಷ ಚಿತ್ರ ಬರೆಯಲಿ, ಪೆನ್ಸಿಲಿನಲ್ಲಿ ಮಾತ್ರ. ಶಾಯಿ ತಗುಲಿದರೆ ಕಲ್ಲಿನಿಂದ ಹೋಗುವುದಿಲ್ಲ. ಅಕ್ಷರ ಕಾಣಲೆಂದು ಸೀಮೆಸುಣ್ಣ ತೀಡುವುದಂತೂ ಕೂಡದು.

ಮಕ್ಕಳು ಕೇಳಿಯೇ ಕೇಳುತ್ತಾರೆ: ಗೆದ್ದದ್ದು ಯಾವುದು? ಮಾರ್ಗದರ್ಶಕರು ಕಥೆಯನ್ನು ಅಲ್ಲಿಯವರೆಗೆ ಬಿಚ್ಚಬಾರದು. ಉತ್ತರ ಶಾಸನದಲ್ಲೇ ಇದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ತನ್ನ ಒಡೆಯ, ಗಂಗರ ದೊರೆ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೂ ಕಾಳಿಯೂ ಎರಡೂ ಸತ್ತವು. ಈ ಕಲ್ಲನ್ನು ಪೂಜಿಸದೆ ಗೊರವನು, ಅಂದರೆ ಶೈವ ಪೂಜಾರಿ, ಉಂಡರೆ ಅವನಿಗೆ ಪಾಪವೆಂದೂ ಬರೆಸಿದ್ದಾರೆ. ಊರನ್ನೋ ಹೊಲವನ್ನೋ ಬಿಟ್ಟು ನಾಯಿಯನ್ನೇ ಏಕೆ ಕೇಳಿದ? ಇಲ್ಲಿಂದ ಮುಂದೆ ಮಾತು ಕನ್ನಡ ಮೇಷ್ಟರ ಕೈಗೆ.

ಶಾಲೆಗೆ ಮರಳಿದ ವಾರದೊಳಗೇ ಬರವಣಿಗೆ ಆಗಬೇಕು, ತಡವಾದರೆ ನೆನಪಿನಲ್ಲಿ ಬಸ್ಸು, ಬುತ್ತಿ ಅಷ್ಟೇ ಉಳಿಯುತ್ತದೆ. ತಮ್ಮೂರಿನ ಯಾರಿಗಾದರೂ ಆರು ಸಾಲಿನ ವೀರಗಲ್ಲು ಬರೆಯಲಿ: ಯಾರು, ಯಾವುದರೊಡನೆ ಹೋರಾಡಿದರು, ಕಲ್ಲು ನಿಲ್ಲಿಸಿದವರು ಯಾರು. ಅದರದೊಂದು ಪ್ರತಿ, ಜೊತೆಗೆ ಉತ್ತರ ಸಿಗದ ಪ್ರಶ್ನೆಗಳು ಸಂಗ್ರಹಾಲಯಕ್ಕೂ ಹೋಗಲಿ. ಮುಂದಿನ ಗುಂಪು ಬರುವ ಮೊದಲು ಅಲ್ಲಿನವರು ಓದಿಕೊಳ್ಳಬೇಕಾದದ್ದು ಅದನ್ನೇ.